ಕೈ ಕೀಲು ನೋವಿರೋರಿಗೆ ಮೆಟಲ್ ಡಿಟೆಕ್ಟರ್: ಡಬ್ಬದ ಮೇಲಿನ ತೂಕ ನೋಡಿ ದುಡ್ಡು ಕೊಡ್ಬೇಡಿ

ಮೆಟಲ್ ಡಿಟೆಕ್ಟರ್ ಅಂದ ತಕ್ಷಣ ನಮ್ಮ ಕಡೆ ನೆನಪಾಗೋದು ಮಾಲ್ ಬಾಗಿಲಲ್ಲಿ ಸೆಕ್ಯೂರಿಟಿಯೋರು ಮೈಮೇಲೆ ಆಡಿಸೋ ಕಡ್ಡಿ ಅಷ್ಟೇ, ಆದ್ರೆ ಬ್ರಿಟನ್ನಲ್ಲಿ ಇದು ಭರ್ಜರಿ ಹವ್ಯಾಸ. ಭಾನುವಾರ ಬಂತಂದ್ರೆ ಬೂಟ್ಸ್ ಹಾಕ್ಕೊಂಡು, ರೈತರ ಪರ್ಮಿಷನ್ ತಗೊಂಡು ಹೊಲ ಸುತ್ತಿ ಹಳೇ ನಾಣ್ಯ, ಬಕಲ್, ಬಟ್ಟೆ ಗುಂಡಿ, ಬಂದೂಕಿನ ಸೀಸದ ಗುಂಡು ಹುಡುಕೋರು ಸಾವಿರಾರು ಜನ ಇದಾರೆ, ಅದ್ರಲ್ಲಿ ರಿಟೈರ್ ಆದೋರು ಬಹಳ, ಅಂದ್ಮೇಲೆ ಕೀಲು ನೋವಿರೋರೂ ಕಮ್ಮಿ ಇಲ್ಲ. ನಮ್ಮ ಚಿಕ್ಕಮ್ಮ ಇಂಗ್ಲೆಂಡಿನ ನಾರ್ಫೋಕ್ ಕಡೆ ಇರೋದು, ಜೀವನಪೂರ್ತಿ ನರ್ಸ್ ಕೆಲಸ ಮಾಡಿ ರಿಟೈರ್ ಆದ್ಮೇಲೆ ಈ ಹುಚ್ಚು ಹಿಡೀತು, ಎರಡೂ ಹೆಬ್ಬೆಟ್ಟಿನ ಬುಡದಲ್ಲಿ ಆಸ್ಟಿಯೋ ಆರ್ಥ್ರೈಟಿಸ್, ಅಂದ್ರೆ ಕೀಲು ಸವೆತ ಇದೆ. "ಲೋ, ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೆಯೋಕೆ ಆಗಲ್ಲ ನಂಗೆ, ಈ ಕೋಲು ಹಿಡ್ಕೊಂಡು ಎರಡು ಗಂಟೆ ಹೆಂಗೋ ತಿರುಗ್ಲಿ" ಅಂದ್ರು. ಅವರಿಗೋಸ್ಕರ ಓದಿದ್ದು, ಅಳತೆ ಮಾಡಿದ್ದು, ಕ್ಲಬ್ಬಿನ ಹಳಬರನ್ನ ಪೀಡಿಸಿ ತಿಳ್ಕೊಂಡಿದ್ದು ಎಲ್ಲ ಇಲ್ಲಿ ಬರೀತಿದೀನಿ, ಅಲ್ಲಿ ಅಪ್ಪ ಅಮ್ಮನ ಹತ್ರ ಇರೋ ನಮ್ಮೋರಿಗೆ ಉಪಯೋಗಕ್ಕೆ ಬರ್ಲಿ ಅಂತ.

ಅಂಗಡಿಯೋರು, ವಿಡಿಯೋ ಮಾಡೋರು ಎಲ್ರೂ ಹೇಳೋದು ಒಂದೇ ಮಾತು, ಇದು ಇಷ್ಟು ಗ್ರಾಂ, ಅದು ಅಷ್ಟು ಗ್ರಾಂ, ಕಮ್ಮಿ ಇರೋದು ತಗೊಳ್ಳಿ ಅಂತ. ಅರ್ಧ ನಿಜ ಅಷ್ಟೇ. ನೋವು ಯಾವ ಕೀಲಲ್ಲಿದೆ ಅನ್ನೋದರ ಮೇಲೆ ಯಾವ ತೂಕ ಲೆಕ್ಕಕ್ಕೆ ಬರುತ್ತೆ ಅನ್ನೋದು ಪೂರ್ತಿ ಬದಲಾಗುತ್ತೆ. ಭುಜದ ಕೀಲು ಸವೆದಿದ್ರೆ ಒಟ್ಟು ತೂಕದ ಪ್ರತಿ ಗ್ರಾಮೂ ಲೆಕ್ಕವೇ. ಹೆಬ್ಬೆಟ್ಟು, ಮಣಿಕಟ್ಟು, ಬೆರಳಿನ ಗೆಣ್ಣು ನೋಯೋರಿಗೆ ಒಟ್ಟು ತೂಕಕ್ಕಿಂತ ಮುಂದುಗಡೆ ಲೋಹ ಪತ್ತೆ ಮಾಡೋ ತಟ್ಟೆ ಥರ ಇರುತ್ತಲ್ಲ ಕಾಯಿಲ್, ಅದರ ತೂಕವೇ ಮುಖ್ಯ. ಇನ್ನು ಮಂಡಿ, ಸೊಂಟ, ಬೆನ್ನು ನೋವಿರೋರಿಗೆ ಮೆಷೀನ್ ತೂಕ ಅಷ್ಟೇನೂ ದೊಡ್ಡ ವಿಷಯ ಅಲ್ಲ, ಎಷ್ಟು ಸಲ ಬಗ್ಗಬೇಕು ಅನ್ನೋದೇ ದೊಡ್ಡದು, ಅವರು ಬೇಕಾದ್ರೆ ಅಗೆಯೋ ವಿಷಯಕ್ಕೆ ನೇರ ಹೋಗ್ಬಹುದು.

ಮೊದ್ಲು ಅಡುಗೆಮನೆ ತೂಕದ ಮೆಷೀನ್ ತಗೊಳ್ಳಿ

ಡಿಟೆಕ್ಟರ್ ರಚನೆ ಹೆಂಗಿರುತ್ತೆ ಅಂದ್ರೆ, ಒಂದು ಉದ್ದ ರಾಡ್, ಅದರ ತುದಿಲಿ ಕಾಯಿಲ್, ಮೇಲ್ಗಡೆ ಕೈ ಹಿಡಿಯೋ ಹ್ಯಾಂಡಲ್, ಅದರ ಹಿಂದೆ ಮುಂಗೈ ಕೂರಿಸೋ ಆರ್ಮ್ ಕಪ್. ಮಾವಿನಕಾಯಿ ಕೀಳೋ ದೋಟಿನ ಬುಡದಲ್ಲಿ ಹಿಡ್ಕೊಂಡು ಅಡ್ಡಕ್ಕೆ ಚಾಚಿದ್ರೆ ತುದಿಲಿ ಒಂದೇ ಒಂದು ಕಾಯಿ ಸಿಕ್ಕಾಗ್ಲೂ ಕೈ ಜಗ್ಗುತ್ತಲ್ಲ, ಇಲ್ಲೂ ಅದೇ ಕಥೆ. ಕಾಯಿಲ್ ಕೆಳಕ್ಕೆ ಜಗ್ಗುತ್ತೆ, ಹಿಂದಿನ ಆರ್ಮ್ ಕಪ್ ಮೇಲಕ್ಕೆ ಎದ್ದು ಮುಂಗೈನ ಒತ್ತುತ್ತೆ, ನಡುವೆ ಸಿಕ್ಕಿಹಾಕ್ಕೊಳ್ಳೋದು ನಿಮ್ಮ ಅಂಗೈ.

ಇದನ್ನ ಮನೇಲೇ ಅಳೀಬಹುದು. ನಾಲ್ಕೈದು ದಪ್ಪ ಪುಸ್ತಕ ಜೋಡಿಸಿ ಮೇಲೊಂದು ಸುತ್ತಿದ ಟವಲ್ ಇಟ್ಟು, ಹ್ಯಾಂಡಲ್ಲಿನ ಸರಿಯಾಗಿ ಕೆಳಗಿರೋ ರಾಡ್ ಭಾಗ ಅದರ ಮೇಲೆ ಕೂರೋ ಹಂಗೆ ಮಾಡಿ, ಹಿಂಭಾಗ ಗಾಳೀಲಿ ಇರ್ಲಿ, ಮುಂದೆ ಕಾಯಿಲ್ ಮಾತ್ರ ಕಿಚನ್ ಸ್ಕೇಲ್ ಮೇಲೆ ಇಡಿ. ಸ್ಕೇಲ್ 300 ಗ್ರಾಂ ತೋರಿಸ್ತು ಅಂತಿಟ್ಕೊಳ್ಳಿ. ಹ್ಯಾಂಡಲ್ಲಿಂದ ಕಾಯಿಲ್ ಮಧ್ಯಕ್ಕೆ 90 ಸೆಂಟಿಮೀಟರ್, ಹ್ಯಾಂಡಲ್ಲಿಂದ ಆರ್ಮ್ ಕಪ್‌ಗೆ 25 ಸೆಂಟಿಮೀಟರ್. 300ನ್ನ 90ರಿಂದ ಗುಣಿಸಿ 25ರಿಂದ ಭಾಗಿಸಿದ್ರೆ 1080 ಗ್ರಾಂ ಬರುತ್ತೆ, ಅಂದ್ರೆ ಕಪ್ ಮೇಲೆ ಏಳದ ಹಾಗೆ ಮುಂಗೈ ಅಷ್ಟು ಜೋರಾಗಿ ಕೆಳಕ್ಕೆ ಒತ್ತಬೇಕು. ಮೆಷೀನ್ ತೂಕ 1200 ಗ್ರಾಂ ಆಗಿದ್ರೆ ಅಂಗೈ ಮೇಲೆ ಬೀಳೋದು ಎರಡೂ ಸೇರಿ 2280 ಗ್ರಾಂ. ಡಬ್ಬದ ಮೇಲೆ 1.2 ಕೆಜಿ ಅಂತ ಬರ್ದಿದೆ, ಕೈಗೆ ಎರಡೂಕಾಲು ಕೆಜಿ ಆಯ್ತು, ಅದೂ ಅಲ್ಲಾಡಿಸದೆ ಸುಮ್ನೆ ಹಿಡ್ಕೊಂಡು ನಿಂತಾಗ!

ಈಗ ಇದೇ ಲೆಕ್ಕದಲ್ಲಿ ಕಾಯಿಲ್ 100 ಗ್ರಾಂ ಕಮ್ಮಿ ಮಾಡಿ ನೋಡಿ. ಅಂಗೈ ಮೇಲಿಂದ 460 ಗ್ರಾಂ ಇಳಿಯುತ್ತೆ. ಅದೇ 100 ಗ್ರಾಂ ಹಿಂದುಗಡೆ ಆರ್ಮ್ ಕಪ್ ಇರೋ ಜಾಗದಲ್ಲಿ ಬ್ಯಾಟರಿ ಥರ ಕೂತಿದ್ರೆ ಅಂಗೈಗೆ ಒಂದು ಗ್ರಾಮೂ ಸೇರಲ್ಲ, ಯಾಕಂದ್ರೆ ಅದು ಎಷ್ಟು ಭಾರ ಹೇರುತ್ತೋ ಅಷ್ಟನ್ನೇ ಹಿಂದೆ ತೂಗಿ ಕಳೀತದೆ. ಹಿಂದುಗಡೆ ಬ್ಯಾಟರಿ ಇರೋ 1.4 ಕೆಜಿ ಮೆಷೀನ್ ಕೈಗೆ ಹಗುರ ಅನ್ಸೋದು, ಮುಂದೆ ದೊಡ್ಡ ಕಾಯಿಲ್ ಇರೋ 1.2 ಕೆಜಿ ಮೆಷೀನ್ ಅರ್ಧ ಗಂಟೇಲಿ ಕೈ ಸೋಲಿಸೋದು ಇದಕ್ಕೇನೇ. ಭುಜ ನೋಯೋರು ಮಾತ್ರ ಈ ಲೆಕ್ಕ ನಂಬ್ಕೊಂಡು ಹಿಂದಕ್ಕೆ ತೂಕ ಕಟ್ಟೋಕೆ ಹೋಗ್ಬೇಡಿ, ಭುಜ ಎಲ್ಲಾನೂ ಹೊರುತ್ತೆ, ಅದಕ್ಕೆ ಮುಂದೆ ಹಿಂದೆ ಅನ್ನೋ ರಿಯಾಯ್ತಿ ಇಲ್ಲ.

ಇದರಿಂದ ದುಡ್ಡು ಖರ್ಚಿಲ್ಲದ ಎರಡು ಉಪಾಯನೂ ಸಿಗುತ್ತೆ. ಒಂದು, ರಾಡ್ ಉದ್ದ. ಎಷ್ಟೋ ಜನ ಜಾಸ್ತಿ ಜಾಗ ಕವರ್ ಆಗ್ಲಿ ಅಂತ ಪೂರ್ತಿ ಎಳ್ದು ಉದ್ದ ಮಾಡ್ಕೋತಾರೆ, ಕಾಯಿಲ್ ದೂರ ಹೋದಷ್ಟೂ ಭಾರ ಏರುತ್ತೆ. ನೆಟ್ಟಗೆ ನಿಂತು, ಭುಜ ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಮಡಚಿದಾಗ ಕಾಯಿಲ್ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಇರೋ ಹಂಗೆ ಎಷ್ಟು ಗಿಡ್ಡ ಮಾಡೋಕಾಗುತ್ತೋ ಅಷ್ಟು ಮಾಡಿ, ಬೆನ್ನು ಬಗ್ಗಿಸೋ ಹಂಗಾಗ್ಬಾರ್ದು ಅಷ್ಟೇ. ಎರಡನೇದು ಆರ್ಮ್ ಕಪ್. ಅದು ಹಿಂದೆ ಮುಂದೆ ಸರಿಯೋ ಥರ ಇದ್ರೆ ಮೊಣಕೈಗೆ ತಾಗದಷ್ಟು ಹಿಂದಕ್ಕೆ ತಗೊಳ್ಳಿ, 25 ಇದ್ದಿದ್ದು 30 ಸೆಂಟಿಮೀಟರ್ ಆದ್ರೆ ಮೇಲಿನ ಲೆಕ್ಕದಲ್ಲಿ 180 ಗ್ರಾಂ ಕಮ್ಮಿ ಆಯ್ತು, ಪುಕ್ಕಟೆ. ಕಪ್ ಸರಿಸೋಕೇ ಆಗದ ಮೆಷೀನ್ ಆಗಿದ್ರೆ ಸಣ್ಣ ಕೈ ಇರೋ ಹೆಂಗಸರು ಕೊಳ್ಳೋ ಮುಂಚೆ ಒಂದ್ಸಲ ಕೈ ಇಟ್ಟು ನೋಡ್ಲೇಬೇಕು.

ಯಾವ ಮೆಷೀನ್?

ಹೆಸರು ಹೇಳ್ದೆ ಹೋದ್ರೆ ಬೈತೀರ, ಹೇಳ್ತೀನಿ. ಮಾರ್ಕೆಟ್ಟಲ್ಲಿ ಹೆಚ್ಚು ಕಾಣೋ ಮೆಷೀನ್‌ಗಳೆಲ್ಲ 1.2ರಿಂದ 1.4 ಕೆಜಿ ಒಳಗೇ ಇರ್ತವೆ. ಮೈನ್‌ಲ್ಯಾಬ್ ವ್ಯಾಂಕ್ವಿಶ್ ಸರಣಿ, ನೋಕ್ಟಾ ಸಿಂಪ್ಲೆಕ್ಸ್, ಗ್ಯಾರೆಟ್ ಏಸ್ 300, ಮೈನ್‌ಲ್ಯಾಬ್ ಎಕ್ವಿನಾಕ್ಸ್ ಎಲ್ಲ ಇದೇ ಗುಂಪು. ಗ್ಯಾರೆಟ್ ಏಸ್ ಅಪೆಕ್ಸ್ ಸುಮಾರು 1.1 ಕೆಜಿ, ಫಿಶರ್ ಎಫ್22 ಮತ್ತೆ ಮೈನ್‌ಲ್ಯಾಬ್ ಗೋ-ಫೈಂಡ್ ಒಂದು ಕೆಜಿ ಆಸುಪಾಸು. ನಿಜವಾಗ್ಲೂ ಹಗುರ ಅಂದ್ರೆ ಫ್ರಾನ್ಸ್‌ನ ಎಕ್ಸ್‌ಪಿ ಕಂಪನಿದು, ಓಆರ್‌ಎಕ್ಸ್ ಮತ್ತೆ ಡಿಯಸ್ 2, ಇವು ಮುಕ್ಕಾಲು ಕೆಜಿ ಹತ್ತಿರ. ಹೆಂಗೆ ಅಂದ್ರೆ ಕಾಯಿಲ್‌ನಿಂದ ಸ್ಕ್ರೀನಿಗೆ ವೈರೇ ಇಲ್ಲ, ಎಲ್ಲ ವೈರ್‌ಲೆಸ್, ಸ್ಕ್ರೀನ್ ಇರೋ ರಿಮೋಟ್‌ನ ರಾಡ್‌ನಿಂದ ಬಿಚ್ಚಿ ಸೊಂಟದ ಬೆಲ್ಟಿಗೆ ಸಿಕ್ಕಿಸ್ಕೊಂಡು ಬರೀ ಕೋಲು ಕಾಯಿಲ್ ಹಿಡ್ಕೊಂಡು ಓಡಾಡ್ಬಹುದು. ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದ್ಕೊಳ್ಳೋ ಸಂಧಿವಾತ) ಇದ್ದು ಬೆರಳು ಸೊಟ್ಟಗಾಗಿರೋರಿಗೆ, ದುಡ್ಡಿದ್ರೆ, ನಾನು ಕಣ್ಮುಚ್ಕೊಂಡು ಹೇಳೋದು ಇದನ್ನೇ. ಡಿಯಸ್ 2 ಬೆಲೆ ಮಾತ್ರ ವ್ಯಾಂಕ್ವಿಶ್ ಥರದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಮೆನು ಕಲಿಯೋಕೂ ಟೈಮ್ ಬೇಕು, ಹಂಗಾಗಿ ಈ ಹವ್ಯಾಸ ಹಿಡಿಸುತ್ತೋ ಇಲ್ವೋ ಅಂತಲೇ ಗೊತ್ತಿಲ್ಲದೋರು ಮೊದ್ಲೇ ಅದಕ್ಕೆ ಕೈ ಹಾಕೋದು ಬೇಡ.

ಹತ್ರನೂ ಹೋಗ್ಬಾರ್ದ್ದು ಅಂದ್ರೆ ಚಿನ್ನದ ಗಣಿ ಪ್ರದೇಶಕ್ಕೆ ಅಂತ ಮಾಡಿರೋ ದೊಡ್ಡ ಪಲ್ಸ್ ಇಂಡಕ್ಷನ್ ಮೆಷೀನ್‌ಗಳು. ಮೈನ್‌ಲ್ಯಾಬ್ ಜಿಪಿಎಕ್ಸ್ 5000 ಬ್ಯಾಟರಿ ಬಿಟ್ಟೇ ಎರಡು ಕೆಜಿ ಮೇಲೆ ತೂಗುತ್ತೆ, ಬ್ಯಾಟರಿ ಬೆನ್ನಿಗೆ ಕಟ್ಕೋಬೇಕು, ಜಿಪಿಝಡ್ 7000 ಮೂರು ಕೆಜಿ ದಾಟುತ್ತೆ. ಆಸ್ಟ್ರೇಲಿಯಾದಲ್ಲಿ ಹಾರ್ನೆಸ್ ಹಾಕ್ಕೊಂಡು ಗಟ್ಟಿ ಆಳುಗಳು ಓಡಾಡೋ ಮೆಷೀನ್ ಅದು. ಯಾರೋ ಸೆಕೆಂಡ್ ಹ್ಯಾಂಡ್‌ನಲ್ಲಿ ಸೋವಿಗೆ ಕೊಡ್ತೀನಿ ಅಂದ್ರೂ ಬೇಡ.

ಸಾಧಾರಣ ಬಜೆಟ್ಟಲ್ಲಿ ಚಿಕ್ಕಮ್ಮಂಗೆ ನಾನು ಒತ್ತಾಯ ಮಾಡಿದ್ದು ಮೆಷೀನ್‌ಗಿಂತ ಹೆಚ್ಚಾಗಿ ಸಣ್ಣ ಕಾಯಿಲ್‌ಗೆ. ವ್ಯಾಂಕ್ವಿಶ್ 540ಗೆ ಬರೋದು 12 ಇಂಚು ಉದ್ದ 9 ಇಂಚು ಅಗಲದ ಕಾಯಿಲ್, 340 ಮತ್ತೆ 440ಗೆ 10 ಇಂಟು 7, ಇದಲ್ಲದೆ 8 ಇಂಟು 5ದು ಒಂದಿದೆ, 540ರ ಪ್ರೋ ಪ್ಯಾಕ್ ತಗೊಂಡ್ರೆ ಅದು ಜೊತೇಲೇ ಬರುತ್ತೆ. ಸಣ್ಣ ಕಾಯಿಲ್ ಹಾಕಿದ್ರೆ ಆಳ ಸ್ವಲ್ಪ ಕಮ್ಮಿ ಆಗುತ್ತೆ, ಒಂದು ಬೀಸಿಗೆ ಮುಟ್ಟೋ ಜಾಗನೂ ಕಮ್ಮಿ, ಅದು ನಿಜ. ಆದ್ರೆ ಕೈ ನೋವಿರೋರಿಗೆ ಆಳ ಕಮ್ಮಿ ಆಗೋದು ಒಂಥರಾ ವರವೇ, ಒಂದಡಿ ಕೆಳಗಿರೋದನ್ನ ತೋರಿಸಿದ್ರೆ ಅಗೆಯೋರು ಯಾರು ಹೇಳಿ? ಕಬ್ಬಿಣದ ಮೊಳೆ ತುಂಬಿರೋ ಜಾಗದಲ್ಲಿ ಸಣ್ಣ ಕಾಯಿಲ್ಲೇ ಚೆನ್ನಾಗಿ ಕೆಲಸ ಮಾಡೋದು, ಎರಡು ಚೂರು ಪಕ್ಕಪಕ್ಕ ಇದ್ರೂ ಬೇರೆ ಬೇರೆ ಮಾಡಿ ತೋರಿಸುತ್ತೆ.

ಕಾಯಿಲ್ ಕವರ್ ಅಂತ ಒಂದು ಪ್ಲಾಸ್ಟಿಕ್ ತಟ್ಟೆ ಕೆಳಗಡೆ ಹಾಕಿರ್ತಾರೆ, ಅದರೊಳಗೆ ಒದ್ದೆ ಮರಳು, ಜೇಡಿಮಣ್ಣು ಸೇರ್ಕೊಂಡು ಗೊತ್ತೇ ಆಗದೆ ತೂಕ ಏರ್ತಾ ಹೋಗುತ್ತೆ, ಅದೂ ಏರಬಾರದ ಜಾಗದಲ್ಲಿ. ಆವಾಗಾವಾಗ ಬಿಚ್ಚಿ ತೊಳೀರಿ. ಚಳಿಗಾಲದಲ್ಲಿ ಹೊಲದ ಕೆಸರು ಕಾಯಿಲ್ ಮೇಲ್ಗಡೆನೂ ಅಂಟುತ್ತೆ, ಒಂದು ಚಿಂದಿ ಬಟ್ಟೆ ಜೇಬಲ್ಲಿರ್ಲಿ.

ಹೆಬ್ಬೆಟ್ಟಿಗೆ ಕೆಲಸ ಕೊಡೋ ಬಟನ್‌ಗಳು

ತೂಕದ ಹುಚ್ಚಲ್ಲಿ ಎಲ್ರೂ ಮರೆಯೋ ವಿಷಯ ಇದು. ಡಿಟೆಕ್ಟರ್ 'ಟಿಂಗ್' ಅಂದ್ಮೇಲೆ ವಸ್ತು ಸರಿಯಾಗಿ ಎಲ್ಲಿದೆ ಅಂತ ನೋಡೋಕೆ ಪಿನ್‌ಪಾಯಿಂಟ್ ಬಟನ್ ಒತ್ತಬೇಕು, ಕೆಲವು ಮೆಷೀನ್‌ನಲ್ಲಿ ಅದನ್ನ ಒತ್ತಿ ಹಿಡ್ಕೊಂಡೇ ಕಾಯಿಲ್ ಆಡಿಸ್ಬೇಕು. ಪೂರ್ತಿ ಭಾರ ಹಿಡಿದಿರೋ ಕೈನ ಹೆಬ್ಬೆಟ್ಟನ್ನೇ ಎತ್ತಿ, ಚಾಚಿ, ಗಟ್ಟಿ ರಬ್ಬರ್ ಬಟನ್ ಮೇಲೆ ಒತ್ತಿ ಹಿಡಿಯೋದು. ಚಿಕ್ಕಮ್ಮನ ಕೈ ಗಮನಿಸ್ತಿದ್ದೆ, ಹೆಬ್ಬೆಟ್ಟಿನ ಬುಡ ಉಬ್ಬಿ ಚೌಕ ಆಗಿದೆ, ಬಟನ್ ಕಡೆ ಚಾಚಿದಾಗ ಮಿಕ್ಕ ನಾಲ್ಕು ಬೆರಳು ಹ್ಯಾಂಡಲ್‌ನ ಇನ್ನೂ ಬಿಗಿಯಾಗಿ ಹಿಡೀತವೆ, ಕೊನೆಗೆ ಅವ್ರು ಎಡಗೈ ತಂದು ಎಡಗೈ ತೋರುಬೆರಳಲ್ಲಿ ಒತ್ತಿದ್ರು. "ಇದಕ್ಕೂ ಎರಡು ಕೈ ಬೇಕಲ್ಲೋ" ಅಂತ ನಗಾಡಿದ್ರು.

ಹಂಗಾಗಿ ಅಂಗಡೀಲಿ ಒತ್ತಿ ನೋಡಿ. ಬಟನ್ ಮೆತ್ತಗಿದ್ಯಾ, ಹಿಡಿತ ಬಿಡದೆ ಹೆಬ್ಬೆಟ್ಟು ತಲುಪುತ್ತಾ, ಒಮ್ಮೆ ಒತ್ತಿ ಬಿಟ್ರೆ ಆನ್ ಆಗೇ ಇರುತ್ತಾ? ಫಿಶರ್ ಎಫ್75 ಥರದ ಕೆಲವು ಮೆಷೀನ್‌ನಲ್ಲಿ ತೋರುಬೆರಳಲ್ಲಿ ಎಳೆಯೋ ಟ್ರಿಗರ್ ಇರುತ್ತೆ, ಹೆಬ್ಬೆಟ್ಟಿನ ನೋವಿರೋರಿಗೆ ಅದು ಹಿತ, ಆದ್ರೆ ಟ್ರಿಗರ್ ಫಿಂಗರ್ ಸಮಸ್ಯೆ, ಅಂದ್ರೆ ಮಡಚಿದ ಬೆರಳು ಸಿಕ್ಕಿಹಾಕ್ಕೊಳ್ಳೋ ತೊಂದ್ರೆ ಇರೋರಿಗೆ ಅದೇ ಶತ್ರು. ಇದ್ಯಾವ ತಾಪತ್ರಯನೂ ಬೇಡ ಅಂದ್ರೆ ಪಿನ್‌ಪಾಯಿಂಟ್ ಬಟನ್ನೇ ಮುಟ್ಟದೆ ಕಾಯಿಲ್‌ನ ಒಂದ್ಸಲ ಎಡಬಲ, ಒಂದ್ಸಲ ಹಿಂದೆಮುಂದೆ ಆಡಿಸಿ ಎರಡೂ ಗೆರೆ ಕೂಡೋ ಜಾಗ ಗುರುತು ಮಾಡ್ಕೊಳ್ಳೋದು, ಹಳಬರು ಬಹಳ ಜನ ಹಿಂಗೇ ಮಾಡೋದು, ಮಿಕ್ಕಿದ್ದು ಕೈಲಿ ಹಿಡಿಯೋ ಸಣ್ಣ ಪಿನ್‌ಪಾಯಿಂಟರ್ ನೋಡ್ಕೊಳುತ್ತೆ.

ರಾಡ್ ಲಾಕ್ ಕೂಡ ನೋಡಿ. ತಿರುಚಿ ಬಿಗಿ ಮಾಡೋ ಲಾಕ್ ಕೀಲು ನೋವಿರೋ ಕೈಗೆ ಶಿಕ್ಷೆ, ಅದರಲ್ಲಿ ಮರಳು ಸೇರಿದ್ರಂತೂ ಗಟ್ಟಿ ಕೈನೋರಿಗೂ ಬಿಚ್ಚೋಕಾಗಲ್ಲ. ಒಳಕ್ಕೆ ಒತ್ತೋ ಸ್ಪ್ರಿಂಗ್ ಗುಂಡಿ ಬೆರಳ ತುದಿ ಕೊರೀತದೆ. ಎತ್ತಿ ಮಡಚೋ ಲಿವರ್ ಥರದ ಲಾಕ್ ಒಳ್ಳೇದು. ಕಾರಿನ ಡಿಕ್ಕಿಲಿ ಪೂರ್ತಿ ಹಿಡಿಸೋ ಹಂಗಿದ್ರೆ ಬಿಚ್ಚೋ ಗೋಜೇ ಬೇಡ. ಬ್ಯಾಟರಿನೂ ಅಷ್ಟೇ, ವ್ಯಾಂಕ್ವಿಶ್, ಗ್ಯಾರೆಟ್ ಏಸ್ 300 ಇವಕ್ಕೆಲ್ಲ ನಾಲ್ಕು ಎಎ ಸೆಲ್ ಹಾಕ್ಬೇಕು, ಬಿಗಿ ಮುಚ್ಚಳ ಉಗುರಲ್ಲಿ ಕೀಳಬೇಕು. ಎಕ್ವಿನಾಕ್ಸ್ ಒಳಗೇ ಬ್ಯಾಟರಿ ಇದೆ, ಚಾರ್ಜರ್ ಆಯಸ್ಕಾಂತದಿಂದ ತಾನಾಗೇ ಕಚ್ಕೊಳುತ್ತೆ, ನೋಡೋಕೆ ಚಿಕ್ಕ ವಿಷಯ, ದಿನಾ ಮಾಡೋರಿಗೆ ಗೊತ್ತು ಅದರ ಬೆಲೆ.

ಹ್ಯಾಂಡಲ್ ತೆಳ್ಳಗಿದ್ರೆ ಬೆರಳು ಪೂರ್ತಿ ಮಡಚಿ ಬಿಗಿ ಹಿಡೀಬೇಕು, ದಪ್ಪ ಮಾಡಿದ್ರೆ ಹಿಡಿತಕ್ಕೆ ಕಮ್ಮಿ ಜೋರು ಸಾಕು. ಟೆನಿಸ್ ರಾಕೆಟ್‌ಗೆ ಸುತ್ತೋ ಗ್ರಿಪ್ ಟೇಪ್ ಎರಡು ಸುತ್ತು ಸುತ್ತಿದ್ರೆ ಸಾಕು. ತೀರಾ ದಪ್ಪ ಮಾಡ್ಬೇಡಿ, ಹೆಬ್ಬೆಟ್ಟು ಅಗಲಕ್ಕೆ ಕಿತ್ಕೊಂಡು ಬುಡದಲ್ಲಿ ನೋವು ಜಾಸ್ತಿ ಆಗುತ್ತೆ. ಆರ್ಮ್ ಕಪ್‌ನ ಪಟ್ಟಿ ಸರಿಯಾಗಿ ಕಟ್ಟಿದ್ರೆ ಕೋಲು ಅತ್ತಿತ್ತ ವಾಲಲ್ಲ, ಹಿಡಿತ ಇನ್ನೂ ಸಡಿಲ ಬಿಡ್ಬಹುದು, ಬೆರಳಲ್ಲಿ ಸುಮ್ನೆ ಆತುಕೊಂಡಿದ್ರೂ ಸಾಕು ಅನ್ನೋ ಮಟ್ಟಕ್ಕೆ ಬರ್ಬೇಕು. ಮೆತ್ತನೆ ಬಟ್ಟೆದು ಹೆಬ್ಬೆಟ್ಟಿನ ಪಟ್ಟಿ ಹಾಕ್ಕೊಳ್ಳೋರೂ ಇದಾರೆ, ಅದನ್ನ ಫಿಸಿಯೋ ಹತ್ರ ಅಥವಾ ಹ್ಯಾಂಡ್ ಥೆರಪಿಸ್ಟ್ ಹತ್ರ ಕೇಳಿ ಅಳತೆ ನೋಡಿ ಹಾಕ್ಕೊಳ್ಳಿ, ಆನ್‌ಲೈನಲ್ಲಿ ಸಿಕ್ಕಿದ್ದೆಲ್ಲ ಬೇಡ.

ಮತ್ತೊಂದು, ಹಾರ್ನೆಸ್. ಭುಜಕ್ಕೊಂದು ಪಟ್ಟಿ, ಅದರಿಂದ ರಬ್ಬರ್ ಬಂಗೀ ಹಗ್ಗ ಇಳಿದು ರಾಡ್‌ನ ಹ್ಯಾಂಡಲ್‌ಗಿಂತ ಒಂಚೂರು ಮುಂದೆ ಸಿಕ್ಕಿಸೋದು. ಭಾರದ ಮೆಷೀನ್‌ಗೆ ಅಂತ ಮಾಡಿದ್ದು, ಆದ್ರೆ ಹಗುರದ್ದಕ್ಕೂ ಹಾಕ್ಬಹುದು, ಯಾರೂ ಬೇಡ ಅನ್ನಲ್ಲ. ಕೈ ಬಿಟ್ರೂ ಕಾಯಿಲ್ ನೆಲಕ್ಕೆ ತಾಗದೆ ತೇಲ್ತಿರ್ಬೇಕು, ಹಂಗೆ ಹಗ್ಗದ ಉದ್ದ ಹೊಂದಿಸ್ಕೊಂಡ್ರೆ ಕೈ ಕೆಲಸ ಬರೀ ತಳ್ಳೋದು ಅಷ್ಟೇ. ಭುಜ, ಕುತ್ತಿಗೆ ನೋವಿರೋರಿಗೆ ಇದು ಆಗ್ಬರಲ್ಲ.

ಬೀಸೋದು, ಅಗೆಯೋದು

ಮಣಿಕಟ್ಟು ತಿರುಗಿಸಿ ಬೀಸ್ಬೇಡಿ. ಮಣಿಕಟ್ಟು ನೆಟ್ಟಗೆ ಇಟ್ಟು ಸೊಂಟದಿಂದ ಮೈ ತಿರುಗಿಸಿ, ಸಣ್ಣ ಬೀಸು, ನಿಧಾನ. ಆ ತುದಿಲಿ ಗಕ್ಕನೆ ನಿಲ್ಲಿಸಿ ಈ ಕಡೆ ಎಳೆಯೋದ್ರಲ್ಲೇ ಹೆಚ್ಚು ಪೆಟ್ಟು ಬೀಳೋದು. ಹೊಲ ಯಾವ ಸ್ಥಿತೀಲಿದೆ ಅನ್ನೋದೂ ಮುಖ್ಯ, ಕೊಯ್ಲಾದ್ಮೇಲೆ ಕೂಳೆ ನಿಂತಿರೋ ಹೊಲದಲ್ಲಿ ಕಾಯಿಲ್ ಪ್ರತಿ ಬೀಸಿಗೂ ಕಡ್ಡಿಗೆ ತಗಲಿ ಕೈಗೆ ಝಾಡಿಸುತ್ತೆ, ಉತ್ತು ಹೆಂಟೆ ಎದ್ದಿರೋ ಹೊಲದಲ್ಲಿ ನಡೆಯೋದೇ ಕಷ್ಟ, ಬಿತ್ತೋಕೆ ಮುಂಚೆ ರೋಲರ್ ಹೊಡೆದು ಸಮ ಮಾಡಿರೋ ಹೊಲ ಸಿಕ್ರೆ ಅದೇ ಸ್ವರ್ಗ. ರುಮಟಾಯ್ಡ್ ಇರೋರಿಗೆ ಬೆಳಿಗ್ಗೆ ಹೊತ್ತು ಕೈ ಬಿಗಿದ್ಕೊಂಡಿರುತ್ತೆ, ಮಧ್ಯಾಹ್ನ ಹೋಗೋದು ವಾಸಿ, ಊತ ಬಂದಿರೋ ದಿನ ಹೋಗ್ಲೇಬೇಡಿ.

ನಿಜವಾದ ಹಿಂಸೆ ಇರೋದು ಅಗೆಯೋದ್ರಲ್ಲಿ. ಬೀಸೋದಕ್ಕೆ ಒಂದೂಕಾಲು ಕೆಜಿ ಅಂತ ತಲೆ ಕೆಡಿಸ್ಕೊಂಡೋರು ಕೈ ಸಲಿಕೆ ಹಿಡಿದು ಮಂಡಿ ಊರಿ ಗಟ್ಟಿ ಮಣ್ಣು ಕೆರೆಯೋಕೆ ಕೂತ್ರೆ ಎಲ್ಲ ಲೆಕ್ಕನೂ ಮಣ್ಣುಪಾಲು. ಅದಕ್ಕೇ ನನ್ನ ಅಭಿಪ್ರಾಯದಲ್ಲಿ 100 ಗ್ರಾಂ ಹಗುರ ಇರೋ ಮಂದ ಮೆಷೀನ್‌ಗಿಂತ, ನೆಲದೊಳಗೆ ಇರೋದು ಏನು ಅಂತ ನಂಬೋ ಹಂಗೆ ನಂಬರ್ ತೋರಿಸೋ ಮೆಷೀನ್ ಆರ್ಥ್ರೈಟಿಸ್ ಇರೋರಿಗೆ ವಾಸಿ. ಟಾರ್ಗೆಟ್ ಐಡಿ ಅಂತಾರೆ, ಬೆಳ್ಳಿ ದೊಡ್ಡ ನಾಣ್ಯಕ್ಕೆ ಹೆಚ್ಚಿನ ನಂಬರ್, ಕಬ್ಬಿಣಕ್ಕೆ ತೀರಾ ಕಮ್ಮಿ, ಫಾಯಿಲ್ ಚೂರು, ಕ್ಯಾನ್ ಮುಚ್ಚಳದ ಉಂಗುರ ನಡುವೆ ಎಲ್ಲೋ. ತೊಂದ್ರೆ ಏನಂದ್ರೆ ಚಿನ್ನದ ಉಂಗುರನೂ ಆ ನಡುವಿನ ನಂಬರ್‌ಗಳಲ್ಲೇ ಬರೋದು, ಅದಕ್ಕೇ ಗಟ್ಟಿಮುಟ್ಟಾಗಿರೋರು ಎಲ್ಲಾನೂ ಅಗೀರಿ ಅಂತ ಉಪದೇಶ ಮಾಡ್ತಾರೆ. ಮಾಡ್ಕೊಳ್ಳಲಿ. ನಿಮ್ಮ ಮಂಡಿ ನಿಮ್ಮದು, ಎರಡೂ ಕಡೆಯಿಂದ ಬೀಸಿದಾಗ್ಲೂ ನಂಬರ್ ಕುಣಿಯದೆ ನಿಂತ್ರೆ ಮಾತ್ರ ಅಗೀರಿ, ಮಿಕ್ಕಿದ್ದು ಬಿಟ್ಟು ಮುಂದೆ ನಡೀರಿ. ಒಂದೇ ಫ್ರೀಕ್ವೆನ್ಸಿಯ ಮೆಷೀನ್ ಸಮುದ್ರದ ಒದ್ದೆ ಉಪ್ಪು ಮರಳಲ್ಲಿ ಸುಮ್ಸುಮ್ನೆ ಕೂಗಾಡುತ್ತೆ, ಬೀಚಿಗೆ ಹೋಗೋ ಆಸೆ ಇದ್ರೆ ವ್ಯಾಂಕ್ವಿಶ್, ಅಪೆಕ್ಸ್, ಎಕ್ವಿನಾಕ್ಸ್, ಡಿಯಸ್ 2 ಥರ ಮಲ್ಟಿ ಫ್ರೀಕ್ವೆನ್ಸಿದೇ ತಗೊಳ್ಳಿ. ಬೀಚಿನ ಒಣ ಮರಳು ಕೀಲು ನೋವಿರೋರಿಗೆ ಹೇಳಿ ಮಾಡಿಸಿದ ಜಾಗ, ಉದ್ದ ಹಿಡಿಯ ಜಾಲರಿ ಸ್ಕೂಪ್‌ನಲ್ಲಿ ನಿಂತ್ಕೊಂಡೇ ಎತ್ತಿ ಜಾಡಿಸಿದ್ರೆ ಮರಳು ಉದುರಿ ವಸ್ತು ಉಳಿಯುತ್ತೆ, ಬಗ್ಗೋದೇ ಬೇಡ. ಸ್ಕೂಪ್ ಅಲ್ಯೂಮಿನಿಯಂದು ನೋಡಿ, ಸ್ಟೀಲಿಂದು ಭಾರ.

ಹೊಲಕ್ಕೆ ಸೊಂಟದವರೆಗೆ ಬರೋ, ಅಡ್ಡ ಹಿಡಿಯ ಕಿರಿದಾದ ಸಲಿಕೆ, ಕಾಲಿಟ್ಟು ಒತ್ತೋ ಅಂಚು ಇರೋದು. ಕೈಯಲ್ಲಿ ತಿವಿಯೋದಲ್ಲ, ಬೂಟ್ ಕಾಲಲ್ಲಿ ಮೈ ಭಾರ ಹಾಕೋದು. ಮೂರು ಕಡೆ ಕಚ್ಚು ಹಾಕಿ ನಾಲ್ಕನೇ ಕಡೆಯ ಹುಲ್ಲು ಕತ್ತರಿಸದೆ ಮಗುಚಿದ್ರೆ, ಮುಚ್ಚೋದೂ ಸುಲಭ, ರೈತನೂ ಬೈಯಲ್ಲ. ಗಾರ್ಡನ್ ಸೆಂಟರಲ್ಲಿ ಎರಡೂ ಕಡೆ ಹಿಡಿ ಇರೋ ಮಂಡಿ ಪೀಠ ಸಿಗುತ್ತೆ, ಏಳೋವಾಗ ಕೈ ಊರಿ ಏಳ್ಬಹುದು, ಆದ್ರೆ ಅದನ್ನ ಹೊಲ ಪೂರ್ತಿ ಹೊತ್ಕೊಂಡು ತಿರುಗೋರು ಯಾರು, ಬೇಲಿ ಪಕ್ಕ ಒಂದು ಕಡೆ ಹುಡುಕೋ ದಿನಕ್ಕೆ ಸರಿ. ಪಿನ್‌ಪಾಯಿಂಟರ್ ಗುಂಡಿ ಮಾತ್ರ ಕೊಳ್ಳೋಕ್ ಮುಂಚೆ ಒತ್ತಿ ನೋಡಿ, ಕೆಲವಲ್ಲಿ ಅದು ಡಿಟೆಕ್ಟರ್‌ದಕ್ಕಿಂತ ಗಟ್ಟಿ. ಇದೆಲ್ಲಕ್ಕಿಂತ ದೊಡ್ಡ ಉಪಾಯ ಜೋಡಿ ಹೋಗೋದು. ಚಿಕ್ಕಮ್ಮ ಬೀಸ್ತಾರೆ, ಚಿಕ್ಕಪ್ಪ "ನಂಗೇನು ಬಂತು ಕರ್ಮ" ಅಂತ ಗೊಣಗ್ತಾ ಅಗೀತಾರೆ, ನಾಣ್ಯ ಬಂದಾಗ ಮಾತ್ರ ಇಬ್ರೂ ಒಟ್ಟಿಗೆ ಬಗ್ತಾರೆ.

ಕಾನೂನು, ಚಿಕ್ಕದಾಗಿ

ಬ್ರಿಟನ್ನಲ್ಲಿ ಜಮೀನಿನ ಮಾಲೀಕರ ಒಪ್ಪಿಗೆ ಇಲ್ದೆ ಎಲ್ಲೂ ಇಳಿಯೋ ಹಾಗಿಲ್ಲ, ಬರವಣಿಗೇಲಿ ತಗೊಳ್ಳೋದು ಕ್ಷೇಮ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ವಿಶೇಷ ಅನುಮತಿ ಇಲ್ದೆ ಡಿಟೆಕ್ಟರ್ ಬಳಸೋದು 1979ರ ಕಾನೂನಿನ ಪ್ರಕಾರ ಅಪರಾಧ. ಲಂಡನ್ನಿನ ಥೇಮ್ಸ್ ದಡಕ್ಕೆ ಪೋರ್ಟ್ ಆಫ್ ಲಂಡನ್ ಅಥಾರಿಟಿ ಪರ್ಮಿಟ್ ಬೇಕು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ 1996ರ ಟ್ರೆಷರ್ ಕಾನೂನಿದೆ, 300 ವರ್ಷಕ್ಕಿಂತ ಹಳೇ ಚಿನ್ನ ಬೆಳ್ಳಿ ವಸ್ತು, ನಾಣ್ಯದ ಗಂಟು ಸಿಕ್ರೆ ಅದು ನಿಧಿ ಅಂತ ಗೊತ್ತಾದ 14 ದಿನದೊಳಗೆ ಕರೋನರ್‌ಗೆ (ಅಸಹಜ ಸಾವು, ನಿಧಿ ವಿಚಾರಣೆ ಮಾಡೋ ಅಧಿಕಾರಿ) ತಿಳಿಸ್ಬೇಕು, ಇಂಗ್ಲೆಂಡ್ ವೇಲ್ಸ್‌ನಲ್ಲಿ 2023ರಿಂದ 200 ವರ್ಷ ದಾಟಿದ ಕೆಲವು ವಿಶೇಷ ಮಹತ್ವದ ವಸ್ತುಗಳೂ ಇದರಲ್ಲಿ ಸೇರಿವೆ. ಜನರಿಗೆ ಸಿಕ್ಕ ಹಳೇ ವಸ್ತುಗಳನ್ನ ದಾಖಲಿಸೋಕೆ ಅಂತ ಬ್ರಿಟಿಷ್ ಮ್ಯೂಸಿಯಂ ನೋಡ್ಕೊಳ್ಳೋ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಅಧಿಕಾರಿಗಳು ಹೆಚ್ಚುಕಮ್ಮಿ ಎಲ್ಲ ಕೌಂಟಿಲೂ ಇದಾರೆ, ತೋರಿಸಿದ್ರೆ ಬಹಳ ಚೆನ್ನಾಗಿ ವಿವರಿಸ್ತಾರೆ.

ರಜಕ್ಕೆ ಊರಿಗೆ ಬರೋವಾಗ ಮೆಷೀನ್ ತರ್ತೀನಿ, ಹಂಪಿ ಕಡೆ ಒಂದು ರೌಂಡ್ ಹಾಕೋಣ ಅಂದ್ರೆ, ದಯವಿಟ್ಟು ಬೇಡ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಜಾರಿಲಿದೆ, ನಿಧಿ ಸಿಕ್ರೆ ಜಿಲ್ಲಾಧಿಕಾರಿಗೆ ತಿಳಿಸ್ಬೇಕು, ಸಂರಕ್ಷಿತ ಸ್ಮಾರಕದ ಹತ್ರ ಅಗೆಯೋದಂತೂ ನೇರ ಕೇಸು. ನಿಧಿ ಆಸೆಗೆ ಹಳೇ ದೇವಸ್ಥಾನದ ಗರ್ಭಗುಡಿ ಅಗೆದು ಹಾಳು ಮಾಡೋರ ಕಾಟ ನಮ್ಮ ರಾಜ್ಯದಲ್ಲಿ ಸಾಕಷ್ಟಿದೆ, ಕೈಲಿ ಡಿಟೆಕ್ಟರ್ ಹಿಡಿದೋರನ್ನ ಜನ ಅದೇ ಕಣ್ಣಲ್ಲಿ ನೋಡೋದು.

ಕೊಳ್ಳೋವಾಗ

ಸಾಧ್ಯ ಆದ್ರೆ ಹತ್ತಿರದ ಡಿಟೆಕ್ಟಿಂಗ್ ಕ್ಲಬ್ಬಿಗೆ ಹೋಗಿ, ಕೇಳಿದ್ರೆ ಎಲ್ರೂ ಖುಷಿಯಿಂದ ಕೈಗೆ ಕೊಡ್ತಾರೆ, ಒಂದು ಮಧ್ಯಾಹ್ನದಲ್ಲಿ ನಾಲ್ಕೈದು ಥರದ್ದು ಹಿಡಿದು ನೋಡ್ಬಹುದು. ಕೌಂಟರ್ ಮುಂದೆ ಎರಡು ನಿಮಿಷ ಹಿಡಿದ್ರೆ ಎಲ್ಲಾನೂ ಹಗುರವೇ, ಕಮ್ಮಿ ಅಂದ್ರೂ ಕಾಲು ಗಂಟೆ ಬೀಸಿ, ಆವತ್ತೇ ತೀರ್ಮಾನ ಮಾಡ್ಬೇಡಿ. ಮಾರನೇ ದಿನ ಬೆಳಿಗ್ಗೆ ಎದ್ದು ಹಲ್ಲುಜ್ಜೋ ಬ್ರಷ್ ಹಿಡಿಯೋವಾಗ, ಟೀ ಕಪ್ ಎತ್ತೋವಾಗ ಕೈ ಹೆಂಗಿದೆ ಅಂತ ನೋಡ್ಕೊಂಡು ಆಮೇಲೆ ದುಡ್ಡು ಕೊಡಿ. ಬ್ರಿಟನ್ನಲ್ಲಿ ಆನ್‌ಲೈನ್ ಆರ್ಡರ್ ಮಾಡಿದ್ರೆ ವಸ್ತು ಕೈಗೆ ಬಂದ ಮೇಲೆ 14 ದಿನ ರದ್ದು ಮಾಡೋ ಹಕ್ಕಿದೆ, ಆದ್ರೆ ಅಂಗಡೀಲಿ ನೋಡೋ ಅಷ್ಟೇ ನೋಡ್ಬೇಕು, ಕೆಸರಲ್ಲಿ ಹೊರಳಾಡಿಸಿ ವಾಪಸ್ ಕಳ್ಸಿದ್ರೆ ದುಡ್ಡು ಕಟ್ ಮಾಡ್ತಾರೆ. ಹಂಗಾಗಿ ಮೊದಲ ಎರಡು ದಿನ ಮನೆ ಹಾಲ್‌ನ ಕಾರ್ಪೆಟ್ ಮೇಲೇ ಬೀಸಿ, ಕಿಚನ್ ಸ್ಕೇಲ್ ಲೆಕ್ಕನೂ ಆಗ್ಲೇ ಮಾಡಿ ಮುಗಿಸಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದ್ರಲ್ಲಿ ತಪ್ಪಿಲ್ಲ, ಅರ್ಧಕ್ಕರ್ಧ ಹೊಸದರ ಥರನೇ ಇರ್ತವೆ, ಯಾರೋ ಎರಡು ಸಲ ಹೋಗಿ ಬೇಜಾರಾಗಿ ಮಾರಿರ್ತಾರೆ. ರಾಡ್ ಲಾಕ್‌ಗಳನ್ನ ನೋವಿರೋ ಕೈಯಲ್ಲೇ ಬಿಚ್ಚಿ ಹಾಕಿ ನೋಡಿ, ಒಳಗೆ ಬ್ಯಾಟರಿ ಇರೋದಾದ್ರೆ ಎಷ್ಟು ಹೊತ್ತು ಬರುತ್ತೆ ಕೇಳಿ, ಕಾಯಿಲ್ ವೈರ್ ರಾಡ್‌ಗೆ ಸುತ್ತಿರೋ ಕಡೆ ಬಿರುಕಿದ್ಯಾ ನೋಡಿ, ಒಂದು ನಾಣ್ಯ ಜೇಬಲ್ಲಿ ಇಟ್ಕೊಂಡು ಹೋಗಿ ಗಾಳೀಲಿ ಆಡಿಸಿ ನಂಬರ್ ಸರಿ ಬರುತ್ತಾ ನೋಡಿ. ಎಕ್ಸ್‌ಪಿ ಡಿಯಸ್‌ಗೆ ಮಾರ್ಕೆಟ್ಟಲ್ಲಿ ನಕಲಿ ಕೂಡ ಓಡಾಡ್ತಿವೆ, ಸೀರಿಯಲ್ ನಂಬರ್, ಒರಿಜಿನಲ್ ಬಿಲ್ ಎರಡೂ ಕೇಳಿ, ವಾರಂಟಿ ಎರಡನೇ ಓನರ್‌ಗೆ ಬರುತ್ತಾ ಅಂತ ಡೀಲರ್‌ಗೇ ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ.